ಡೀಸೆಲ್ ಎಂದರೂ ಹೂಂ, ಪೆಟ್ರೋಲ್ ಎಂದರೂ ಹೂಂ

ನಾನು ತಕ್ಕಡಿ ರಿಪೇರಿಯವನು. ಅಂಗಡಿಯ ಮೇಜಿನ ಮೇಲಿನ ಸಣ್ಣ ತಕ್ಕಡಿಯಿಂದ ಮೂಟೆ ತೂಗುವ ದೊಡ್ಡ ಯಂತ್ರದವರೆಗೆ ಯಾವುದು ತಪ್ಪು ತೂಗುತ್ತದೋ ಅದನ್ನು ಬಿಚ್ಚಿ, ತೊಳೆದು, ಸರಿಪಡಿಸುವುದು ನನ್ನ ಕೆಲಸ. ಆಮೇಲೆ ಪರೀಕ್ಷೆಯ ಬಟ್ಟುಗಳನ್ನು, ಎಂದರೆ ಸರಿಯಾದ ತೂಕದ ಕಬ್ಬಿಣದ ಕಲ್ಲುಗಳನ್ನು, ಅದರ ಮೇಲಿಟ್ಟು ನೋಡುತ್ತೇನೆ. ಮುಳ್ಳು ನಿಲ್ಲಬೇಕಾದಲ್ಲಿ ನಿಂತರೆ ಮುದ್ರೆ ಒತ್ತಿ ಕೊಡುತ್ತೇನೆ. ವಾರದಲ್ಲಿ ಹೆಚ್ಚು ದಿನ ಊರೊಳಗಿನ ಅಂಗಡಿಗಳು, ಉಳಿದ ದಿನ ಬೆಟ್ಟದ ಮೇಲಿನ ಆಲೂಗಡ್ಡೆ ಮಂಡಿಗಳು.

ಊರೊಳಗೆ ತಿರುಗಲು ಎಂಥ ಗಾಡಿಯಾದರೂ ನಡೆದೀತು. ಬೆಟ್ಟಕ್ಕೆ ಹಾಗಲ್ಲ. ಅಲ್ಲಿಗೆ ಇಪ್ಪತ್ತು ಕಿಲೋದ ಬಟ್ಟುಗಳನ್ನೇ ಒಂದು ಸಾಲು ಹೊತ್ತುಕೊಂಡು ಹೋಗಬೇಕು. ತೆರೆದ ಗಾಡಿಯಲ್ಲಿಟ್ಟರೆ ತೇವ ತಾಗಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಬಟ್ಟು ಸುಳ್ಳು ಹೇಳುತ್ತದೆ. ಜೀಪಾದರೆ ಹಿಂಬದಿ ಎತ್ತರ, ಒಂದೊಂದನ್ನೂ ಎದೆಮಟ್ಟಕ್ಕೆ ಎತ್ತಬೇಕು. ಅದಕ್ಕೇ ನಾವು ಮೊದಲಿನಿಂದಲೂ ಎಸ್ಟೇಟ್ ಕಾರು ಇಟ್ಟುಕೊಂಡವರು. ನೋಡಲಿಕ್ಕೆ ಕಾರೇ, ಆದರೆ ಬೆನ್ನು ಉದ್ದ. ಹಿಂದಿನ ಸೀಟಿನಾಚೆ ಪೆಟ್ಟಿಗೆಯಂಥ ಜಾಗ. ಹಿಂಬಾಗಿಲು ಮೇಲಕ್ಕೆ ತೆರೆಯುತ್ತದೆ, ಅದರ ಹೊಸ್ತಿಲು ಮೊಣಕಾಲಿಗಿಂತ ಸ್ವಲ್ಪ ಮೇಲೆ. ಮಂಡಿಗಳ ಹತ್ತಿರ ದಾರಿ ಕೆಸರು, ಆದ್ದರಿಂದ ನಾಲ್ಕು ಚಕ್ರವೂ ಎಳೆಯುವ ಕಾರೇ ಆಗಬೇಕು.

ಕಾರು ನಡೆಸುತ್ತಿದ್ದವಳು ನನ್ನ ಹೆಂಡತಿ. ನನಗೂ ನಡೆಸಲು ಬರುತ್ತದೆ, ಆದರೆ ಸೈಕಲ್ಲಿನವರು ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ. ಅವಳು ಹಾಗಲ್ಲ. ಎಂಥ ತಿರುವಿನಲ್ಲೂ ಮಾತು ನಿಲ್ಲಿಸದೆ ಗೇರು ಬದಲಿಸುತ್ತಿದ್ದಳು. ಕಳೆದ ಚಳಿಗಾಲದಲ್ಲಿ ದೇವರು ಅವಳನ್ನು ಕರೆದುಕೊಂಡ. ಕೊಟ್ಟವನು ಅವನು, ಕರೆದುಕೊಂಡವನೂ ಅವನೇ. ಆ ಲೆಕ್ಕದಲ್ಲಿ ನನ್ನದೇನೂ ತಕರಾರಿಲ್ಲ ಎಂದು ದಿನವೂ ಬೆಳಿಗ್ಗೆ ಅವನ ಮುಂದೆ ಕುಳಿತು ಹೇಳುತ್ತೇನೆ. ಹೇಳಿ ಎದ್ದ ಮೇಲೆ ಮತ್ತೆ ತಕರಾರು ಬರುತ್ತದೆ, ಮರುದಿನ ಮತ್ತೆ ಹೇಳುತ್ತೇನೆ.

ಅವಳು ಹೋದ ಮೇಲೆ ಕಾರು ಶೆಡ್ಡಿನಲ್ಲೇ ನಿಂತಿತು. ಬೇಸಿಗೆ ಮುಗಿಯುವ ಹೊತ್ತಿಗೆ ಮೆಕ್ಯಾನಿಕ್ ಬಂದು ಕೆಳಗೆ ಮಲಗಿ ನೋಡಿ, ಅಡಿಯ ತಗಡಿಗೆ ಬೆರಳಿಟ್ಟ. ಬೆರಳು ಆಚೆಗೆ ಹೋಯಿತು. "ಇದರ ಆಯಸ್ಸು ಮುಗೀತು ಸಾರ್," ಎಂದ. ಬೆಟ್ಟದಲ್ಲಿ ಆಲೂಗಡ್ಡೆ ಕೀಳುವ ಕಾಲ ಹತ್ತಿರವಾಗುತ್ತಿತ್ತು. ಅದಕ್ಕೆ ಮುಂಚೆ ಮಂಡಿಗಳ ಯಂತ್ರಗಳಿಗೆಲ್ಲ ಮುದ್ರೆ ಬೀಳಬೇಕು. ನಾನು ಹೋಗದಿದ್ದರೆ ಬೇರೆ ಯಾರಾದರೂ ಹೋಗುತ್ತಾರೆ. ಒಂದು ಸಲ ಬೇರೆಯವನ ಮುದ್ರೆ ಬಿದ್ದ ಯಂತ್ರ ಮತ್ತೆ ನನ್ನ ಕೈಗೆ ಬರುವುದಿಲ್ಲ.

ಹೊಸ ಕಾರು ತರಬೇಕು. ತರುವುದೇನೋ ಸರಿ, ಯಾವುದನ್ನು?

ನಮ್ಮ ಮನೆಯಲ್ಲಿ ಯಾವುದನ್ನು ಕೊಂಡರೂ ಜಗಳವಾಡಿಯೇ ಕೊಳ್ಳುತ್ತಿದ್ದೆವು. ಚಾಪೆಯಾಗಲಿ, ಕಬ್ಬಿಣದ ಬೀರುವಾಗಲಿ, ನಾನೊಂದು ಹೇಳಿದರೆ ಅವಳು ಅದಕ್ಕೆ ಅಡ್ಡ ಹೇಳಬೇಕು. ತನಗೂ ಅದೇ ಇಷ್ಟವಿದ್ದರೂ ಅಡ್ಡ ಹೇಳುವಳು. "ಎದುರು ಹೇಳೋರು ಇಲ್ಲದೆ ತಂದ ಸಾಮಾನು ಮನೆಗೆ ಆಗಿಬರಲ್ಲ ರೀ," ಎನ್ನುವಳು. ವಾದ ಮಾಡಿ ಮಾಡಿ ಇಬ್ಬರಿಗೂ ಗಂಟಲು ಒಣಗಿದ ಮೇಲೆ ಯಾವುದು ಉಳಿಯುತ್ತಿತ್ತೋ ಅದೇ ಮನೆಗೆ ಬರುತ್ತಿತ್ತು. ಕಾರಿನ ವಿಷಯದಲ್ಲಿ ಅವಳದು ಡೀಸೆಲ್, ನನ್ನದು ಪೆಟ್ರೋಲ್. ಭಾರ ಹೊತ್ತು ಏರು ಹತ್ತುವಾಗ ಡೀಸೆಲ್ ಎತ್ತಿನ ಹಾಗೆ ತಲೆ ಬಗ್ಗಿಸಿ ಎಳೆಯುತ್ತದೆ, ಪೆಟ್ರೋಲ್ ಏದುಸಿರು ಬಿಡುತ್ತದೆ ಎನ್ನುವುದು ಅವಳ ವಾದ. ಡೀಸೆಲ್ ಎಂದರೆ ಹಿಟ್ಟಿನ ಗಿರಣಿಯನ್ನು ಮಡಿಲಲ್ಲಿಟ್ಟುಕೊಂಡು ಹೋದಂತೆ, ಸಂಜೆ ಮನೆಗೆ ಬಂದರೂ ಕೈ ನಡುಗುತ್ತಿರುತ್ತದೆ, ನಡುಗುವ ಕೈಯಲ್ಲಿ ನಾನು ಮುಳ್ಳು ಕೂರಿಸುವುದು ಹೇಗೆ ಎನ್ನುವುದು ನನ್ನದು. ಪ್ರತಿ ಸಲವೂ ಅವಳೇ ಗೆದ್ದಳು.

ಈಗ ಗೆಲ್ಲಲು ಅವಳಿಲ್ಲ. ಬೇಕಾದ್ದನ್ನು ತರಬಹುದಿತ್ತು. ಆದರೆ ಕಾಲ ಬದಲಾಗಿದೆ. ಈಗಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದೂರದ ದಾರಿಯಲ್ಲಿ ಬಿಸಿಯಾಗಿ ಓಡಿದರೆ ಆ ಮಸಿ ಅಲ್ಲೇ ಉರಿದು ಹೋಗುತ್ತದೆ. ಊರೊಳಗೆ ಅಂಗಡಿಯಿಂದ ಅಂಗಡಿಗೆ ನಿಲ್ಲಿಸಿ ನಡೆಸಿದರೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ನನ್ನ ಅರ್ಧ ಕೆಲಸಕ್ಕೆ ಡೀಸೆಲ್ ಸರಿ, ಇನ್ನರ್ಧಕ್ಕೆ ಪೆಟ್ರೋಲ್ ಸರಿ.

ಮಗ ನನ್ನ ಜೊತೆಯಲ್ಲೇ ಇದ್ದಾನೆ, ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ಸೋಮವಾರ ಊಟಕ್ಕೆ ಕುಳಿತಾಗ ಅವನಿಗೆ ಹೇಳಿದೆ.

"ಡೀಸೆಲ್ಲೇ ತರೋಣ ಅಂತ."

"ಹೂಂ ಅಪ್ಪ. ಡೀಸೆಲ್ಲೇ ಸರಿ."

"ಅಲ್ಲ, ಊರೊಳಗೆ ಮಸಿ ಕಟ್ಟುತ್ತಂತಲ್ಲ?"

"ಹೌದು, ಕಟ್ಟುತ್ತೆ."

"ಕಟ್ಟಿದರೆ?"

"ತೆಗೆಸಿದರಾಯ್ತು ಬಿಡಿ ಅಪ್ಪ."

"ಹಾಗಾದರೆ ಪೆಟ್ರೋಲ್ ಯಾಕೆ ಬೇಡ?"

ಅವನು ಅನ್ನ ಕಲಸುತ್ತಾ ನನ್ನ ಮುಖ ನೋಡಿದ. "ಬೇಡ ಅಂತ ನಾನೆಲ್ಲಿ ಹೇಳಿದೆ? ನಿಮಗೆ ಯಾವುದು ಅನ್ನಿಸುತ್ತೋ ಅದು."

ಇವನು ಚಿಕ್ಕಂದಿನಲ್ಲಿ ಒಂದು ಚಡ್ಡಿಯ ಬಣ್ಣಕ್ಕಾಗಿ ಇಡೀ ಬೀದಿ ಕೇಳುವಂತೆ ಹಟ ಹಿಡಿದವನು. ಕಚೇರಿಯಲ್ಲಿ ಮೇಲಧಿಕಾರಿಗೂ ಎದುರುತ್ತರ ಕೊಡುತ್ತಾನೆಂದು ಕೇಳಿದ್ದೇನೆ. ನನ್ನ ಮುಂದೆ ಮಾತ್ರ ಕೋಲೆಬಸವ. ತಟ್ಟೆಯಲ್ಲಿ ಇನ್ನೂ ಅನ್ನವಿತ್ತು, ನನಗೆ ಊಟ ಸಾಕಾಯಿತು.

ಮರುದಿನ ಮಗಳ ಅಂಗಡಿಗೆ ಹೋದೆ. ಅವಳು ಎರಡು ಬೀದಿಯಾಚೆ ಪೆನ್ನು ಪುಸ್ತಕದ ಅಂಗಡಿ ಇಟ್ಟಿದ್ದಾಳೆ. ಬಾಯಿ ಅಮ್ಮನದೇ. ಇವಳಾದರೂ ಅಡ್ಡ ಬಂದಾಳೆಂದು, "ಪೆಟ್ರೋಲ್ ಕಾರು ತರ್ತೀನಿ," ಎಂದೆ. ಅಮ್ಮ ಡೀಸೆಲ್ ಪಕ್ಷದವಳೆಂದು ಇವಳಿಗೆ ಗೊತ್ತು. ಸುಮ್ಮನಿರಲಾರಳು ಎಂದುಕೊಂಡೆ.

"ಒಳ್ಳೇದಾಯ್ತು ಅಪ್ಪ. ಪೆಟ್ರೋಲೇ ಸರಿ. ಸದ್ದಿರಲ್ಲ."

"ಏರಿನಲ್ಲಿ ಎಳೆಯಲ್ಲ ಅಂತಿದ್ದಳು ನಿಮ್ಮಮ್ಮ."

"ಈಗಿನವು ಎಳೀತಾವಂತೆ."

"ಯಾರು ಹೇಳಿದ್ದು?"

"ಯಾರೋ ಹೇಳಿದ್ರು," ಎಂದು ಗಿರಾಕಿಯೊಬ್ಬನಿಗೆ ರಬ್ಬರು ಕೊಡಲು ತಿರುಗಿದಳು. ಆ ಗಿರಾಕಿಯ ಹತ್ತಿರ ಚಿಲ್ಲರೆಯ ವಿಷಯಕ್ಕೆ ಅವಳು ಆಡಿದ ಜಗಳದಲ್ಲಿ ಕಾಲು ಭಾಗ ನನಗೆ ಕೊಟ್ಟಿದ್ದರೆ ನಾನು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆ.

ಮೆಕ್ಯಾನಿಕ್ಕನ ಹತ್ತಿರ ಹೋದೆ. ಅವನ ಗ್ಯಾರೇಜಿನಲ್ಲಿ ಕೂರಲು ಇರುವುದು ಒಂದು ಹಳೆಯ ವ್ಯಾನಿನ ಸೀಟು. ಅದರ ಮೇಲೆ ಕೂರಿಸಿ ಟೀ ಕೊಟ್ಟ. ಅವನು ನನ್ನ ಮಾತಿಗೆ ಯಾವತ್ತೂ ಸೊಪ್ಪು ಹಾಕಿದವನಲ್ಲ, "ಸಾರ್, ನೀವು ತಕ್ಕಡಿ ನೋಡ್ಕೊಳ್ಳಿ, ಎಂಜಿನ್ ನಾನು ನೋಡ್ಕೋತೀನಿ," ಎನ್ನುವವನು. ಆವತ್ತು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ಬೆಟ್ಟಕ್ಕೆ ಹೋಗೋದಾದ್ರೆ ಡೀಸೆಲ್ ಸಾರ್. ಹೋಗದಿದ್ರೆ ಪೆಟ್ರೋಲ್."

"ನಾನು ಹೋಗ್ತೀನೋ ಇಲ್ಲವೋ?"

"ಅದು ನಿಮಗೇ ಗೊತ್ತು."

"ನಿನಗೇನು ಅನ್ನಿಸುತ್ತೆ, ಅದನ್ನ ಹೇಳು."

ಅವನು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿದ, ಒರೆಸಿದ ಕೈಯನ್ನೇ ಮತ್ತೆ ಒರೆಸಿದ. "ಟೀ ಆರ್ತಾ ಇದೆ ಸಾರ್."

ನನಗೆ ಗೊತ್ತಿರಲಿಲ್ಲ, ಅದೇ ತೊಂದರೆ. ಬೆಟ್ಟಕ್ಕೆ ಇನ್ನು ಹೋಗಲಾರೆ ಎನ್ನುವವರು ಒಬ್ಬರು ಬೇಕಿತ್ತು. ಅವರ ಮೇಲೆ ಸಿಟ್ಟು ಮಾಡಿ, ಯಾಕೆ ಹೋಗಲಾರೆ ಎಂದು ಕೇಳಿ, ಆ ಸಿಟ್ಟಿನಲ್ಲಿ ನನ್ನೊಳಗೆ ಏನಿದೆಯೆಂದು ತಿಳಿದುಕೊಳ್ಳಬೇಕಿತ್ತು. ಒಬ್ಬನೇ ಕುಳಿತು ಎಷ್ಟು ಯೋಚಿಸಿದರೂ ಬೆಳಿಗ್ಗೆ ಹೋಗುತ್ತೇನೆ ಅನ್ನಿಸುವುದು, ಸಂಜೆ ಹೋಗಲಾರೆ ಅನ್ನಿಸುವುದು.

ಕೊನೆಗೆ ನನ್ನ ನಾದಿನಿಯನ್ನು ಕೇಳಿದೆ. ಹೆಂಡತಿಯ ತಂಗಿ, ಹಿಂದಿನ ಬೀದಿಯಲ್ಲೇ ಮನೆ. ಅವರಪ್ಪ ಲಾರಿ ನಡೆಸುತ್ತಿದ್ದವರು. ಇಬ್ಬರು ಹೆಣ್ಣುಮಕ್ಕಳೂ ಸ್ಟೀರಿಂಗ್ ಹಿಡಿದೇ ಹುಟ್ಟಿದವರು ಎಂದು ನಾವು ನಗುತ್ತಿದ್ದೆವು. ಇವಳು ಶಾಲೆಯ ವ್ಯಾನ್ ನಡೆಸುತ್ತಾಳೆ. ಮನೆಮಂದಿಯೆಲ್ಲ ಅವಳನ್ನು ಕರೆಯುವುದು ಮೆಣಸಿನಕಾಯಿ ಎಂದು. ನಮ್ಮ ಮದುವೆಯ ದಿನವೇ "ಭಾವನಿಗೆ ಕಿವಿ ಸ್ವಲ್ಪ ದೊಡ್ಡದು, ಅಕ್ಕನ ಮಾತು ಕೇಳೋಕೆ ಬೇಕಾಗುತ್ತೆ ಬಿಡಿ," ಎಂದು ಬೀಗರ ಮುಂದೆ ಹೇಳಿದವಳು. ಅವಳ ಬಾಯಿಗೆ ಹೆದರಿ ಮಕ್ಕಳು ವ್ಯಾನಿನಲ್ಲಿ ಉಸಿರು ಬಿಡುವುದಿಲ್ಲ.

ಅವಳು ವ್ಯಾನು ತೊಳೆಯುತ್ತಿದ್ದಳು. ನಾನು ವಿಷಯವೆಲ್ಲ ಬಿಡಿಸಿ ಹೇಳಿದೆ. ಅವಳು ಬಕೆಟ್ಟಿನಲ್ಲಿ ಬಟ್ಟೆ ಹಿಂಡಿ ಮೃದುವಾಗಿ, "ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡಿ ಭಾವ," ಎಂದಳು.

"ನಿನ್ನ ವ್ಯಾನು ಡೀಸೆಲ್ಲು. ಫಿಲ್ಟರ್ ಕಟ್ಟುತ್ತೋ ಇಲ್ಲವೋ?"

"ಒಂದೊಂದು ಸಲ ಕಟ್ಟುತ್ತೆ. ಒಂದೊಂದು ಸಲ ಇಲ್ಲ."

"ಹಾಗಾದರೆ ಪೆಟ್ರೋಲ್ ತರಲಾ?"

"ತನ್ನಿ."

"ಡೀಸೆಲ್ ತರಲಾ?"

"ಅದೂ ಒಳ್ಳೇದೇ."

"ಎರಡೂ ಬೇಡ, ಕುದುರೆಗಾಡಿ ತರ್ತೀನಿ!"

"ತನ್ನಿ ಭಾವ. ಗಾಳಿ ಚೆನ್ನಾಗಿ ಬರುತ್ತೆ."

ಮೈಯೆಲ್ಲ ಉರಿಯಿತು. ಗೇಟನ್ನು ಎಷ್ಟು ಜೋರಾಗಿ ಎಳೆದುಕೊಂಡೆನೆಂದರೆ ಅದರ ಚಿಲಕ ನನ್ನ ಕೈಗೇ ಬಂತು. ತಿರುಗಿ ನೋಡಿದೆ. "ಅಯ್ಯೋ, ಇರಲಿ ಬಿಡಿ, ಹಳೇದು," ಎಂದಳು ಮೆಣಸಿನಕಾಯಿ.

ಆ ಸಂಜೆ ದೇವರ ಮುಂದೆ ಕುಳಿತಾಗ ಬೇರೇನೂ ಕೇಳಲಿಲ್ಲ. ಇಷ್ಟು ವರ್ಷ ಅಡ್ಡಿಗಳನ್ನು ದೂರ ಮಾಡು ಎಂದು ಬೇಡಿದವನು ಈಗ ಒಂದು ಅಡ್ಡಿಯನ್ನು ಕೊಡಪ್ಪಾ ಎಂದು ಬೇಡಿದೆ. ಒಂದೇ ಒಂದು, ಹಿಡಿದುಕೊಂಡು ನಿಲ್ಲುವಷ್ಟು.

ಶುಕ್ರವಾರ ಬೆಳಿಗ್ಗೆ ಫೋನು ಬಂತು. ಕಾರಿನ ಶೋರೂಮಿನ ಹುಡುಗಿ. ಸಕ್ಕರೆಯಂಥ ದನಿಯಲ್ಲಿ ಅಭಿನಂದನೆ ಹೇಳಿ, ನೀವು ಬುಕ್ ಮಾಡಿದ ಡೀಸೆಲ್ ಎಸ್ಟೇಟ್ ಕಾರಿಗೆ ಯಾವ ಬಣ್ಣ ಬೇಕು ಎಂದು ಕೇಳಿದಳು. ನಾನು ಬುಕ್ ಮಾಡಿಲ್ಲ ಎಂದೆ. ನಿಮ್ಮ ಮಗ ಬಂದು ಮುಂಗಡ ಕಟ್ಟಿದ್ದಾರೆ ಎಂದಳು. ಫೋನು ಕೆಳಗಿಟ್ಟು ಕನ್ನಡಕ ಒರೆಸುತ್ತಿರುವಾಗಲೇ ಇನ್ನೊಂದು ಬಂತು. ಬೇರೆ ಶೋರೂಮು, ಗಂಡಸು, ಅದೇ ಸಕ್ಕರೆ. ನಿಮ್ಮ ಪೆಟ್ರೋಲ್ ಎಸ್ಟೇಟ್ ಕಾರಿಗೆ ಯಾವ ಬಣ್ಣ? ನಿಮ್ಮ ಮಗಳು ಬಂದಿದ್ದರು.

ಎರಡು ಕಾರು! ಎತ್ತು ಏರಿಗೆ, ಕೋಣ ನೀರಿಗೆ. ನಾನು ಸೋಮವಾರ ಹೇಳಿದ್ದನ್ನು ಮಗ ತಲೆಯ ಮೇಲೆ ಹೊತ್ತುಕೊಂಡು ಹೋಗಿದ್ದ, ಮಂಗಳವಾರ ಹೇಳಿದ್ದನ್ನು ಮಗಳು ಹೊತ್ತುಕೊಂಡು ಹೋಗಿದ್ದಳು. ನನ್ನನ್ನು ಕೇಳಿದರೆ ನಾನು ಮತ್ತೆ ವಾದಕ್ಕೆ ಎಳೆದೇನೆಂಬ ಭಯಕ್ಕೆ ಇಬ್ಬರೂ ನನ್ನನ್ನು ಕೇಳಿರಲಿಲ್ಲ.

ಮಗನನ್ನು ಸ್ನಾನದ ಮನೆಯಿಂದ ಹೊರಗೆ ಕರೆದೆ. ಮಗಳಿಗೆ ಫೋನು ಮಾಡಿದೆ, ಅವಳು ಅಂಗಡಿಯ ಬಾಗಿಲು ಅರ್ಧ ಎಳೆದು ಓಡಿ ಬಂದಳು. ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದ ನಾದಿನಿ ನನ್ನ ಕೂಗು ಕೇಳಿ ಬೀದಿಯಲ್ಲೇ ವ್ಯಾನು ನಿಲ್ಲಿಸಿ ಒಳಗೆ ಬಂದಳು. ನಡುಮನೆಯಲ್ಲಿ ಎಲ್ಲರೂ ನಿಂತರು, ನಾನೂ ನಿಂತೆ.

"ಇದೇನು ತಮಾಷೆ? ನಾನು ಬೆಳಿಗ್ಗೆ ಒಂದು ಕಾರಿನಲ್ಲಿ ಹೋಗಿ ಸಂಜೆ ಇನ್ನೊಂದರಲ್ಲಿ ವಾಪಸ್ ಬರಬೇಕಾ?"

"ನೀವೇ ಡೀಸೆಲ್ ಅಂದ್ರಲ್ಲ ಅಪ್ಪ," ಎಂದ ಮಗ, ತಲೆಯಿಂದ ನೀರು ಸುರಿಸುತ್ತಾ.

"ನನ್ನ ಹತ್ರ ಪೆಟ್ರೋಲ್ ಅಂದ್ರು!" ಎಂದಳು ಮಗಳು.

"ನೀನು ನನಗೊಂದು ಮಾತು ಹೇಳಬಾರದಿತ್ತಾ?" ಎಂದು ಮಗ ಅವಳ ಕಡೆ ತಿರುಗಿದ.

"ನೀನು ಹೇಳಿದ್ಯಾ?"

"ನಿಲ್ಲಿಸಿ!" ಎಂದೆ. "ನಿಮ್ಮಿಬ್ಬರ ಜಗಳ ಇಷ್ಟು ಚೆನ್ನಾಗಿದೆ, ಇದನ್ನ ನನ್ನ ಜೊತೆ ಆಡೋಕೆ ಏನು ರೋಗ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಹೊರಬಿತ್ತು. ಹೆಂಡತಿ ತೀರಿಕೊಂಡ ವಾರದಲ್ಲಿ ನಾನು ಒಂದು ದಿನ ತಲೆ ತಿರುಗಿ ಬಿದ್ದಿದ್ದೆ. ಆಗ ನೋಡಿದ ಡಾಕ್ಟರು, ಇವರಿಗೆ ರಕ್ತದೊತ್ತಡ ಜಾಸ್ತಿ, ಮನಸ್ಸಿಗೆ ಬೇಸರವಾಗದಂತೆ ನೋಡಿಕೊಳ್ಳಿ ಎಂದಿದ್ದರಂತೆ. ಮಗ ಅದನ್ನು ಶಾಸನ ಮಾಡಿದ್ದ. ಅಪ್ಪನಿಗೆ ಒಂದು ವರ್ಷ ಯಾರೂ ಎದುರಾಡಬಾರದು. ಮಗಳಿಗೆ ಹೇಳಿದ, ಚಿಕ್ಕಮ್ಮನಿಗೆ ಹೇಳಿದ, ಗ್ಯಾರೇಜಿಗೂ ಹೋಗಿ ಹೇಳಿ ಬಂದ.

"ನಿಮ್ಮ ಒಳ್ಳೇದಕ್ಕೇ ಅಪ್ಪ. ಮುಂಗಡದ ಚಿಂತೆ ಬೇಡ. ನಾನು ಕಟ್ಟಿದ್ದನ್ನ ವಾಪಸ್ ಕೊಡ್ತಾರೆ. ಹೇಗೂ ಕೊನೆಗೆ ಕಾರು ತಗೊಳ್ಳೋದಿಲ್ಲವಲ್ಲ ಅಂತ ಮೊದಲೇ ಕೇಳ್ಕೊಂಡೆ."

ಹೇಳಿದ ಮೇಲೆ ಅವನಿಗೆ ತಾನೇನು ಹೇಳಿದೆನೆಂದು ಗೊತ್ತಾಯಿತು. ಮಗಳು ನೆಲ ನೋಡಿದಳು.

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಇವರು ನನ್ನ ಮೇಲಿನ ಕನಿಕರಕ್ಕೆ ಹೂಂ ಎನ್ನುತ್ತಿದ್ದಾರೆಂದು ಇಷ್ಟು ದಿನ ಸಿಟ್ಟಾಗಿದ್ದೆ. ಅದು ಅಷ್ಟೇ ಆಗಿರಲಿಲ್ಲ. ಚಂದ್ರ ಬೇಕೆಂದು ಅಳುವ ಮಗುವಿಗೆ ಆಗಲಿ ಕೊಡಿಸೋಣ ಎನ್ನುತ್ತೇವಲ್ಲ, ಆ ಹೂಂ ಅದು. ಕಾರೂ ಇಲ್ಲ, ಬೆಟ್ಟವೂ ಇಲ್ಲ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿಯಾಗಿತ್ತು. ನನಗೆ ಮಾತ್ರ ತಿಳಿಸಿರಲಿಲ್ಲ.

"ಯಾರು ಹೇಳಿದ್ದು ತಗೊಳ್ಳಲ್ಲ ಅಂತ?" ಎಂದೆ.

"ನಾನು ಹೇಳಿದ್ದು," ಎಂದಳು ನಾದಿನಿ.

"ಚಿಕ್ಕಮ್ಮ, ಬೇಡ," ಎಂದ ಮಗ.

"ಸುಮ್ನಿರೋ. ನಿನ್ನ ಶಾಸನ ಪಾಲಿಸಿ ಪಾಲಿಸಿ ನನಗೆ ನಾಲಿಗೆ ಮೇಲೆ ಗುಳ್ಳೆ ಎದ್ದಿದೆ. ಕೇಳಿ ಭಾವ. ನಿಮಗೆ ಆಗಲ್ಲ. ಹೋದ ತಿಂಗಳು ಶೆಡ್ಡಿನಲ್ಲಿ ಒಂದು ಬಟ್ಟು ಎತ್ತಿ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತು ಬಾಯಿ ತೆರೆದು ಉಸಿರಾಡ್ತಾ ಇದ್ರಿ, ನಾನು ಕಾಂಪೌಂಡಿನ ಆಚೆಯಿಂದ ನೋಡಿದೆ. ಒಂದಕ್ಕೇ ಹಾಗೆ. ಮಂಡಿಯಲ್ಲಿ ಎಲ್ಲಾ ಇಳಿಸಬೇಕು, ಯಂತ್ರದ ಮೇಲಿಡಬೇಕು, ತೆಗೀಬೇಕು, ಮತ್ತೆ ತುಂಬಬೇಕು. ಆಮೇಲೆ ಮುಂದಿನ ಮಂಡಿ. ನಡೆಸೋರು ಯಾರು? ನೀವಾ? ಸಪಾಟು ರಸ್ತೆಯಲ್ಲಿ ನಿಂತ ಕಾರನ್ನ ಚರಂಡಿಗೆ ಇಳಿಸಿದವರು!"

"ಅದು ಬ್ರೇಕು ಹಿಡೀಲಿಲ್ಲ!"

"ಬ್ರೇಕು ಅಂತ ನೀವು ತುಳಿದಿದ್ದು ಕ್ಲಚ್ಚು. ಅಕ್ಕ ಸಾಯೋವರೆಗೂ ನಗ್ತಾ ಇದ್ಲು."

"ಚಿಕ್ಕಮ್ಮ!" ಮಗಳು ಅಳುವಂತಾದಳು.

ನನಗೆ ಕಿವಿಯವರೆಗೂ ರಕ್ತ ಏರಿತು. ಡಾಕ್ಟರು ಹೇಳಿದ ರಕ್ತದೊತ್ತಡ ಇದೇ ಇರಬೇಕು. ಆದರೆ ಎಷ್ಟೋ ತಿಂಗಳ ಮೇಲೆ ನಾನು ನೆಟ್ಟಗೆ ನಿಂತಿದ್ದೆ. "ನನ್ನ ಕಸಬಿನಲ್ಲಿ ಪರೀಕ್ಷೆ ಮಾಡದೆ ಮುದ್ರೆ ಒತ್ತಲ್ಲ," ಎಂದೆ. "ಆಗುತ್ತೋ ಆಗಲ್ಲವೋ, ಎತ್ತಿ ನೋಡಿದ ಮೇಲೆ ಹೇಳು. ಬಾ ಶೆಡ್ಡಿಗೆ."

ಶೆಡ್ಡಿನಲ್ಲಿ ಹಳೆಯ ಕಾರಿನ ಹಿಂಬಾಗಿಲು ತೆರೆದೆ. ಬಟ್ಟುಗಳು ಗೋಡೆಯ ಬುಡದಲ್ಲಿ, ಉಣ್ಣೆಬಟ್ಟೆ ಹಾಸಿದ ಹಲಗೆಯ ಮೇಲೆ ಸಾಲಾಗಿದ್ದವು. ಕೈಗವಸು ಹಾಕಿಕೊಂಡೆ. ಬರಿಗೈಯ ಬೆವರು ತಾಗಿದರೆ ಕಬ್ಬಿಣ ಕೆಡುತ್ತದೆ. ಈ ಬಟ್ಟುಗಳನ್ನು ನಾನಲ್ಲದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಇದು ನನಗೆ ಕೆಲಸ ಕಲಿಸಿದವರು ಹಾಕಿಕೊಟ್ಟ ನಿಯಮ. ಒಂದು ಸಲ ಅಂಚು ತಗುಲಿ ಚಕ್ಕೆ ಎದ್ದರೆ ಸಾಕು, ಆ ಬಟ್ಟಿಟ್ಟು ನೋಡಿದ ಎಲ್ಲ ಯಂತ್ರಗಳೂ ತಪ್ಪಾಗುತ್ತವೆ. ನನ್ನ ಹೆಂಡತಿಯೂ ಮುಟ್ಟಿದವಳಲ್ಲ. "ನಿಮ್ಮ ಎರಡನೇ ಸಂಸಾರ, ನೀವೇ ಎತ್ತಿ ಮುದ್ದಾಡಿ," ಎಂದು ಸ್ಟೀರಿಂಗ್ ಮುಂದೆಯೇ ಕುಳಿತಿರುತ್ತಿದ್ದಳು.

ಮೊದಲನೆಯದನ್ನು ಎತ್ತಿ ಕಾರಿನೊಳಗಿಟ್ಟೆ. ಎರಡನೆಯದನ್ನೂ ಇಟ್ಟೆ. ಮೂರನೆಯದಕ್ಕೆ ಸೊಂಟ ಹಿಡಿಯಿತು, ತೋರಿಸಿಕೊಳ್ಳಲಿಲ್ಲ. ಅದಾದ ಮೇಲಿನದನ್ನು ಎತ್ತಿದೆ. ಹೊಸ್ತಿಲ ಮಟ್ಟಕ್ಕೆ ಬಂತು, ಅಲ್ಲಿಂದ ಒಳಗೆ ಹೋಗಲಿಲ್ಲ. ತೋಳು ನನ್ನದಲ್ಲವೆಂಬಂತೆ ನಿಂತುಬಿಟ್ಟಿತು. ಕೆಳಗೆ ಬಿಟ್ಟರೆ ಚಕ್ಕೆ ಏಳುತ್ತದೆ. ಎದೆಗೆ ಒತ್ತಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಹಾಗೇ ಜಾರುತ್ತಾ ನೆಲಕ್ಕೆ ಕುಳಿತು ಅದನ್ನು ಮಡಿಲಲ್ಲಿಟ್ಟುಕೊಂಡೆ. ಮಗ ಮುಂದೆ ಬಂದ. "ಮುಟ್ಟಬೇಡ!" ಎಂದೆ, ಉಸಿರಿದ್ದಷ್ಟರಲ್ಲಿ.

ಕಣ್ಣು ತುಂಬಿತು. ಸೋತದ್ದಕ್ಕೋ ಬೇರೆಯದಕ್ಕೋ ಗೊತ್ತಿಲ್ಲ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಎಲ್ಲರೂ ಸುತ್ತ ಸೇರಿ ನೀರು ಕೊಟ್ಟು ಬೆನ್ನು ಸವರುತ್ತಾರೆ. ನಾದಿನಿ ಸೊಂಟಕ್ಕೆ ಕೈಯಿಟ್ಟು ನಿಂತೇ ಇದ್ದಳು, ಅವರಿಬ್ಬರನ್ನೂ ಮುಂದೆ ಬಿಡಲಿಲ್ಲ. ನನ್ನ ಉಸಿರು ಒಂದು ಹದಕ್ಕೆ ಬರುವವರೆಗೆ ಕಾದಳು.

"ಆಯ್ತು," ಎಂದೆ. "ಪರೀಕ್ಷೆ ಆಯ್ತು. ಯಂತ್ರ ಕೆಟ್ಟಿದೆ. ಪೆಟ್ರೋಲೇ ಇರಲಿ. ಊರೊಳಗಿನ ಅಂಗಡಿಗಳೇ ಸಾಕು." ಜೀವಮಾನವಿಡೀ ವಾದ ಮಾಡಿದ ಪೆಟ್ರೋಲು ಕೊನೆಗೆ ಗೆದ್ದಿತ್ತು. ಬಾಯಿಯೆಲ್ಲ ಕಹಿಯಾಯಿತು.

"ಯಾಕೆ?" ಎಂದಳು ನಾದಿನಿ.

"ಯಾಕೆ ಅಂದರೆ? ನೀನೇ ಹೇಳಿದೆಯಲ್ಲ, ಆಗಲ್ಲ ಅಂತ."

"ನಿಮಗೆ ಎತ್ತೋಕೆ ಆಗಲ್ಲ ಅಂದೆ, ನಡೆಸೋಕೆ ಆಗಲ್ಲ ಅಂದೆ. ತಕ್ಕಡಿ ನೋಡೋಕೆ ಆಗಲ್ಲ ಅಂದ್ನಾ? ಮಂಡಿಯಲ್ಲಿ ಮೂಟೆ ಹೊರೋ ಗಂಡಸರು ಅಷ್ಟು ಜನ ಇರ್ತಾರೆ. ಎತ್ತಲಿ ಅವರು. ಅವರ ಯಂತ್ರ ತಾನೇ?"

"ಅವರು ಮುಟ್ಟೋ ಹಾಗಿಲ್ಲ."

"ಯಾಕಿಲ್ಲ?"

"ನಿಯಮ."

"ಕೈಗವಸು ಕೊಡಿ, ಹೇಗೆ ಹಿಡೀಬೇಕು ಅಂತ ಹೇಳ್ಕೊಡಿ, ಪಕ್ಕದಲ್ಲಿ ನಿಂತು ಕೂಗಾಡಿ. ಕೂಗಾಡೋಕೆ ಉಸಿರು ಚೆನ್ನಾಗೇ ಇದೆ."

"ಇಷ್ಟು ವರ್ಷ ಇನ್ನೊಬ್ಬರ ಕೈ ತಾಗಿಸಿಲ್ಲ! ನಿಮ್ಮಕ್ಕನಿಗೇ ಮುಟ್ಟೋಕೆ ಬಿಟ್ಟಿಲ್ಲ!"

"ಹಾಗಾದ್ರೆ ಪೆಟ್ರೋಲ್ ತಗೊಂಡು ಊರೊಳಗೆ ಗುಬ್ಬಚ್ಚಿ ಹಾಗೆ ಕುಪ್ಪಳಿಸ್ಕೊಂಡಿರಿ. ಬೆಟ್ಟದವರು ಬೇರೆ ಯಾರನ್ನಾದ್ರೂ ಕರೀತಾರೆ. ಅವನು ಬರಿಗೈಯಲ್ಲೇ ಎತ್ತುತ್ತಾನೆ, ಬಿಡಿ."

ಇದು ನಾಟಿತು. ಬರಿಗೈಯಲ್ಲಿ ಬಟ್ಟು ಎತ್ತುವವನೊಬ್ಬ ನನ್ನ ಮುದ್ರೆ ಕಿತ್ತು ತನ್ನದನ್ನು ಒತ್ತುವುದು ಕಣ್ಣಿಗೆ ಕಟ್ಟಿತು.

"ನಡೆಸೋರು ಯಾರು?" ಎಂದೆ. "ನೀನು ಬರ್ತೀಯಾ?"

"ನಾನು ಅಕ್ಕ ಅಲ್ಲ."

"ಅಕ್ಕನನ್ನ ಯಾರು ಕೇಳಿದರು? ಡ್ರೈವರ್ ಕೇಳಿದೆ."

"ಡ್ರೈವರನ್ನ ಕೇಳೋ ಹಾಗೆ ಕೇಳಿ ಮತ್ತೆ. ಶನಿವಾರ, ಭಾನುವಾರ ಶಾಲೆ ಇಲ್ಲ. ಸಂಬಳಕ್ಕೆ ಬರ್ತೀನಿ, ಸೇವೆಗಲ್ಲ. ದಾರಿಯಲ್ಲಿ ನೀವು ‘ನಿಧಾನ, ನಿಧಾನ’ ಅಂದ್ರೆ ಇಳಿಸಿ ಬರ್ತೀನಿ. ಮತ್ತೆ ಕಾರು ಡೀಸೆಲ್ಲೇ ಆಗಬೇಕು."

"ಊರೊಳಗೆ ಮಸಿ ಕಟ್ಟುತ್ತೆ!"

"ಕಟ್ಟಲಿ. ವಾರಕ್ಕೊಂದು ಸಲ ಬೆಟ್ಟ ಹತ್ತಿಸಿದ್ರೆ ಉರಿದುಹೋಗುತ್ತೆ. ನನ್ನ ವ್ಯಾನು ಊರು ಬಿಟ್ಟು ಹೋಗಲ್ಲ, ಅದಕ್ಕೇ ಅದಕ್ಕೆ ರೋಗ."

"ಮೊನ್ನೆ ಕೇಳಿದಾಗ ಇದನ್ನ ಹೇಳಲಿಲ್ಲ ನೀನು."

"ಮೊನ್ನೆ ಶಾಸನ ಇತ್ತು."

"ಹತ್ತಿಸದಿದ್ದರೆ?"

"ಹತ್ತಿಸಲೇಬೇಕು. ಮಳೆ ಬಂತು, ಕಾಲು ನೋವು, ಮನಸ್ಸಿಲ್ಲ ಅಂತ ಒಂದು ವಾರ ಮನೇಲಿ ಕೂತ್ರೆ ಕೊಳವೆ ಕಟ್ಟುತ್ತೆ, ಕಾರು ದೀಪ ಹಾಕಿ ಬೊಬ್ಬೆ ಹೊಡೆಯುತ್ತೆ. ನಮ್ಮ ಹಾಗೆ ಹೂಂ ಅನ್ನಲ್ಲ ಅದು."

ಮಗ ಫೋನು ಹಿಡಿದುಕೊಂಡು ನಿಂತಿದ್ದ. "ಹಾಗಾದ್ರೆ ಯಾವುದನ್ನ ರದ್ದು ಮಾಡ್ಲಿ?" ಎಂದ. ಕೇಳಿದ್ದು ನನ್ನನ್ನೋ ಚಿಕ್ಕಮ್ಮನನ್ನೋ ಅವನಿಗೇ ಗೊತ್ತಿರಲಿಲ್ಲ.

ಮಡಿಲಲ್ಲಿದ್ದ ಬಟ್ಟಿನ ತಂಪು ಬಟ್ಟೆಯೊಳಗಿಂದ ತೊಡೆಗೆ ತಾಗುತ್ತಿತ್ತು. ಇದನ್ನು ನಾನು ಎತ್ತಲಾರೆ. ಮಡಿಲಲ್ಲಿಟ್ಟುಕೊಂಡು ಸಾಯುವವರೆಗೆ ಕುಳಿತಿರಲೂ ಆರೆ. ಬಲಗೈಯ ಕೈಗವಸನ್ನು ತೆಗೆದೆ. ಬೆರಳುಗಳು ಬೇಗ ಬಿಟ್ಟುಕೊಡಲಿಲ್ಲ. ಎಡಗೈಯದನ್ನೂ ತೆಗೆದು ಎರಡನ್ನೂ ಮಗನ ಕಡೆ ಚಾಚಿದೆ.

"ಹಾಕ್ಕೋ. ಮೇಲೆ ಹಿಡಿ ಇದೆಯಲ್ಲ, ಅದರಲ್ಲಿ ಎರಡೂ ಕೈ. ಇನ್ನೊಂದಕ್ಕೆ ತಗುಲಿಸಬಾರದು. ಇಡುವಾಗ ಸದ್ದು ಬಂದರೆ ನಿನ್ನ ಕಿವಿ ಹಿಂಡ್ತೀನಿ. ಪೆಟ್ರೋಲ್ ರದ್ದು ಮಾಡು."

ಮಗಳು, "ನಾನು ಬುಕ್ ಮಾಡಿದ್ದನ್ನೇ ಯಾಕೆ ರದ್ದು ಮಾಡೋದು?" ಎಂದಳು. ಬಾಯಿಗೆ ಬಂದ ಮೇಲೆ ಕೈಯಿಂದ ಮುಚ್ಚಿಕೊಂಡಳು.

"ಹೇಳು ಹೇಳು," ಎಂದೆ. "ಯಾಕೆ ಅಂತ ಕೇಳು."

"ಅಲ್ಲಾ ಅಪ್ಪ, ಪೆಟ್ರೋಲಿನಲ್ಲಿ ಸದ್ದು ಕಮ್ಮಿ. ನಿಮ್ಮ ಕೈ ನಡುಗುತ್ತೆ ಅಂತ ನೀವೇ ತಾನೇ ಅಮ್ಮನ ಹತ್ರ ದಿನಾ…" ಮುಖ ಮುಚ್ಚಿಕೊಂಡು ಅತ್ತಳು. ಅವಳು ತನ್ನ ಅಮ್ಮನಿಗಾಗಿ ನನ್ನ ಮುಂದೆ ಅತ್ತದ್ದು ಅದೇ ಮೊದಲು. ಅದೂ ಶಾಸನದಲ್ಲಿ ಸೇರಿತ್ತೋ ಏನೋ.

ಮಗ ಕೈಗವಸು ಹಾಕಿಕೊಂಡು ನನ್ನ ಮಡಿಲಿನ ಬಟ್ಟನ್ನು ಎತ್ತಿಕೊಂಡ. ಮಗಳು ಅತ್ತು ಮುಗಿಸುವವರೆಗೆ ಜೊತೆಯಲ್ಲಿದ್ದು, ಮೊಣಕಾಲು ಊರಿ ಎದ್ದು ಒಳಗೆ ಹೋದೆ. ಮುಖ ತೊಳೆದು ದೇವರ ಮುಂದೆ ಕುಳಿತೆ. ಕಣ್ಣು ಮುಚ್ಚಿ, ನಿನಗೆ ಹೇಗೆ ಹೇಳಲಿ ಎಂದು ಶುರುಮಾಡಿದೆ. ಹೊರಗೆ ಶೆಡ್ಡಿನಲ್ಲಿ ನಾದಿನಿಯ ಗಂಟಲು ಕೇಳಿಸುತ್ತಿತ್ತು. ಬಟ್ಟುಗಳನ್ನು ಕಾರಿನ ಹಿಂದೆ ಅಡ್ಡ ಸಾಲಿನಲ್ಲಿ ಇಡಬೇಕು, ಉದ್ದಕ್ಕೆ ಇಟ್ಟರೆ ತಿರುವಿನಲ್ಲಿ ಜಾರುತ್ತವೆ ಎಂದು ಮಗನಿಗೆ ಹೇಳಿಕೊಡುತ್ತಿದ್ದಳು. ಸುಳ್ಳು. ಶುದ್ಧ ಸುಳ್ಳು. ಚಕ್ರದ ಗೂಡಿನ ಪಕ್ಕಕ್ಕೆ ಉದ್ದಕ್ಕೇ ಇಡಬೇಕು. ಅಡ್ಡ ಇಟ್ಟರೆ ಏರಿನಲ್ಲಿ ಎಲ್ಲವೂ ಹಿಂಬಾಗಿಲಿಗೆ ಬಂದು ಬಡಿಯುತ್ತವೆ.

ತಡೆದುಕೊಂಡೆ. ಮತ್ತೆ ಮೊದಲಿನಿಂದ ಶುರುಮಾಡಿದೆ. "ಅಡ್ಡ ಅಂದ್ರೆ ಅಡ್ಡ ಕಣೋ, ನಿಮ್ಮಪ್ಪನಿಗೆ ಏನು ಗೊತ್ತು," ಎಂದು ಹೊರಗಿನಿಂದ ಬಂತು.

ದೇವರನ್ನು ಅಲ್ಲೇ ಬಿಟ್ಟು ಎದ್ದೆ. ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟು ನಾನು ಎಂದೂ ಎದ್ದವನಲ್ಲ. ಚಪ್ಪಲಿ ಹುಡುಕಲೂ ನಿಲ್ಲದೆ ಅಂಗಳಕ್ಕಿಳಿದು ಕೂಗಿದೆ.

"ಉದ್ದಕ್ಕೆ ಇಡ್ರೋ!"